ಉಗ್ರಾಣದಲ್ಲಿ ಕೂತ ತಾಯಿ

ಕೋಲಾರದ ಆ ಕಲ್ಯಾಣ ಮಂಟಪದ ಉಗ್ರಾಣದಲ್ಲಿ ಮದುವೆಯ ಹಿಂದಿನ ದಿನ ಸಂಜೆ ನಾವು ಐದು ಜನ ಹೆಂಗಸರಿದ್ದೆವು. ನಮ್ಮಕ್ಕ, ಅಂದರೆ ಮದುವೆ ಹುಡುಗಿಯ ತಾಯಿ, ತೆಂಗಿನಕಾಯಿ ಮೂಟೆಯ ಮೇಲೆ ಕೂತು ಎಲೆ ಅಡಿಕೆ ಹೊಂದಿಸುತ್ತಿದ್ದಳು. ಹುಡುಗಿಗೆ ಚಿಕ್ಕಮ್ಮನಾದ ನಾನು ಅವಳ ಪಕ್ಕ. ಎದುರಿಗೆ ಅಕ್ಕನ ಓರಗಿತ್ತಿ, ತೀರಿಹೋದ ನಮ್ಮ ಭಾವನವರ ಅಣ್ಣನ ಹೆಂಡತಿ. ಹುಡುಗಿಗೆ ದೊಡ್ಡಮ್ಮನಾದ್ದರಿಂದ ನಾವೆಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುವುದು. ಮದುವೆ ಹುಡುಗಿಯೂ ಅಲ್ಲೇ ಇದ್ದಳು. ಆರತಕ್ಷತೆಗೆ ಅಲಂಕಾರ ಮಾಡುತ್ತಿದ್ದವರ ಕೈ ತಪ್ಪಿಸಿಕೊಂಡು, ಅರ್ಧ ತಲೆ ಬಾಚಿಸಿಕೊಂಡವಳು ಹಾಗೇ ಎದ್ದು ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಐದನೆಯವಳು ನಮ್ಮ ಪೈಕಿಯವಳಲ್ಲ. ಕೋಲಾರ ಪೇಟೆಯ ಹುಡುಗಿ, ಮದುವೆ ನಡೆಸಿಕೊಡುವುದೇ ಅವಳ ಕೆಲಸ. ಸೊಂಟಕ್ಕೆ ವಾಕಿಟಾಕಿ, ಕಾಲಿಗೆ ಓಡಾಡುವವರ ಬಿಳೀ ಬೂಟು. ಅವಳನ್ನು ಕೋಆರ್ಡಿನೇಟರ್ ಅನ್ನಬೇಕಂತೆ. ನಮ್ಮ ಹಿರಿಯರ ನಾಲಿಗೆಗೆ ಆ ಮಾತು ಹತ್ತಲಿಲ್ಲ. ‘ವಾಕಿಟಾಕಿ ಹುಡುಗಿ’ ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ದೊಡ್ಡಮ್ಮ ತಮ್ಮ ಸೊಂಟದಲ್ಲಿದ್ದ ಬೀಗದ ಕೈ ತೆಗೆದು, ಅಕ್ಕನ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು.

“ಉಗ್ರಾಣ ನಿಂದು ಕಣಮ್ಮ. ನಿನ್ನಷ್ಟು ನಂಬಿಕೆಯೋರು ಈ ಮನೇಲಿ ಇನ್ಯಾರಿದಾರೆ ಹೇಳು? ಒಂದು ಕಾಯಿ ಆಚೆ ಹೋದ್ರೂ ನಿನ್ನ ಕಣ್ಣು ತಪ್ಪಿ ಹೋಗಬಾರದು.”

“ಆಗ್ಲಿ ದೊಡ್ಡಮ್ಮ,” ಎಂದಳು ನಮ್ಮಕ್ಕ, ತಲೆ ಎತ್ತದೆ.

ಬಾಗಿಲಲ್ಲಿದ್ದ ಹುಡುಗಿಯ ಮುಖ ಕಪ್ಪಿಟ್ಟಿತು.

ಅದು ಯಾಕೆಂದು ಹೇಳಬೇಕು. ನಮ್ಮ ಕಡೆ ಮದುವೆಗಳಲ್ಲಿ ಉಗ್ರಾಣದ ಬೀಗದ ಕೈ ಯಾರಿಗೆ ಹೋಗುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರಿಗೂ ಗೊತ್ತು. ಗಂಡ ಇರುವವರಿಗೆ ಮೈ ತುಂಬ ಶಾಸ್ತ್ರ: ಅರಿಶಿನ ಹಚ್ಚಬೇಕು, ಕಳಶ ಹಿಡಿಯಬೇಕು, ಆರತಿ ಎತ್ತಬೇಕು. ಗಂಡ ಇಲ್ಲದವಳಿಗೆ “ನೀನು ಹಸೆಮಣೆ ಹತ್ತಿರ ಬರಬೇಡ” ಎನ್ನಲು ಒಳ್ಳೆಯವರ ಬಾಯಿಗೆ ಬರುವುದಿಲ್ಲ. ಅದಕ್ಕೆ ಬೀಗದ ಕೈ ಕೊಡುತ್ತಾರೆ. ಕೊಟ್ಟವರು ಮರ್ಯಾದೆ ಕೊಟ್ಟೆವು ಅಂದುಕೊಳ್ಳುತ್ತಾರೆ, ತಗೊಂಡವಳು ಹಾಗೇ ಅಂದುಕೊಂಡಂತೆ ನಡೆದುಕೊಳ್ಳುತ್ತಾಳೆ. ಮದುವೆ ಮುಗಿಯುವವರೆಗೆ ಅವಳು ಆ ಕೋಣೆ ಬಿಟ್ಟು ಬರುವ ಹಾಗಿಲ್ಲ. ಯಾರು ಕೇಳಿದರೂ ಉತ್ತರ ಸಿದ್ಧ: “ಪಾಪ, ಉಗ್ರಾಣ ಬಿಟ್ಟು ಹೆಂಗೆ ಬರ್ತಾಳೆ?”

ನನ್ನ ಚಿಕ್ಕಂದಿನಲ್ಲಿ ಮುಳಬಾಗಿಲು ಕಡೆಯ ಒಬ್ಬ ಚಿಕ್ಕಜ್ಜಿ ಇದ್ದಳು. ಹದಿನಾರು ತುಂಬುವ ಮೊದಲೇ ಗಂಡನನ್ನು ಕಳಕೊಂಡವಳು. ನಮ್ಮ ವಂಶದ ಯಾವ ಮದುವೆಯಾದರೂ ಬೀಗದ ಕೈ ಅವಳದ್ದೇ. ಆಂಧ್ರದ ಗಡಿಯ ಊರಾದ್ದರಿಂದ ಅವಳ ತಮಾಷೆಯೆಲ್ಲ ತೆಲುಗಿನಲ್ಲಿ. “ಪೆಳ್ಳಿ ಮೀದಿ, ತಾಳಂಚೆವಿ ನಾದಿ!” ಎಂದು ಬೀಗದ ಕೈ ಅಲ್ಲಾಡಿಸಿ ನಮ್ಮನ್ನು ನಗಿಸುತ್ತಿದ್ದಳು, ಮದುವೆ ನಿಮ್ಮದು, ಬೀಗದ ಕೈ ನನ್ನದು ಅಂತ. ಆಚೆ ಗಟ್ಟಿಮೇಳ ಮೊಳಗಿದಾಗ ಸೆರಗಿನಲ್ಲಿ ಕಟ್ಟಿಟ್ಟ ನಾಲ್ಕು ಅಕ್ಷತೆ ಕಾಳು ಬಿಚ್ಚಿ ಬೆಲ್ಲದ ಮೂಟೆಯ ಮೇಲೆ ಹಾಕುತ್ತಿದ್ದಳು. “ಅಜ್ಜೀ, ಬೆಲ್ಲಕ್ಕೆ ಮದುವೇನಾ?” ಎಂದರೆ, “ಹೂಂ ಕಣ್ರೇ, ಅದಕ್ಕೂ ಒಂದು ಆಗ್ಲಿ ಬಿಡಿ” ಎನ್ನುತ್ತಿದ್ದಳು. ನಾವು ಅದೊಂದು ಆಟ ಅಂದುಕೊಂಡಿದ್ದೆವು.

ಭಾವ ತೀರಿಕೊಂಡಿದ್ದು ಇದ್ದಕ್ಕಿದ್ದಂತೆ. ಟೊಮೆಟೊ ಲೋಡು ಮಂಡಿಗೆ ಇಳಿಸಿ ಬಂದವರು, ಎದೆ ಹಿಡಿದುಕೊಂಡಂಗೆ ಆಗ್ತಾ ಐತೆ ಎಂದು ಜಗಲಿ ಮೇಲೆ ಕೂತರು, ಏಳಲಿಲ್ಲ. ಆಮೇಲೆ ವಕ್ಕಲೇರಿ ಕಡೆಯ ಆ ಮನೆಯಲ್ಲಿ ಹಸು ಕಟ್ಟಿ, ಎರಡು ಹೊತ್ತು ಡೈರಿಗೆ ಹಾಲು ಹಾಕಿ, ಮಗಳನ್ನು ಓದಿಸಿದವಳು ಅಕ್ಕನೇ. ಮಗಳು ಈಗ ಮಾಲೂರಿನ ಒಂದು ಶಾಲೆಯಲ್ಲಿ ಟೀಚರು. ಗಂಡೂ ಮಾಲೂರಿನ ಕಡೆಯವನೇ. ಧಾರೆ ಎರೆಯಲು ದಂಪತಿ ಬೇಕಲ್ಲ, ಅದಕ್ಕೆ ಶ್ರೀನಿವಾಸಪುರದಿಂದ ದೊಡ್ಡಪ್ಪ ದೊಡ್ಡಮ್ಮ ಬಂದರು. ಅವರು ಕೆಟ್ಟವರಲ್ಲ. ಭಾವ ಹೋದ ವರ್ಷ ಅಕ್ಕನ ಹೊಲ ಉತ್ತುಕೊಟ್ಟವರು ಅದೇ ದೊಡ್ಡಪ್ಪ. ಮದುವೆಗೆಂದು ತಮ್ಮ ತೋಪಿನ ಮಾವಿನಹಣ್ಣು ಟೆಂಪೋ ತುಂಬ ತಂದು ಇಳಿಸಿದ್ದರು. ಆ ಉಗ್ರಾಣವೆಲ್ಲ ಹಣ್ಣಿನದೇ ವಾಸನೆ.

ಆದರೆ ಮದುವೆ ನಡೆಸಲು ಹೊರಗಿನವಳನ್ನು ಗೊತ್ತು ಮಾಡಿದ್ದು ಅವರಿಗೆ ಸರಿಬರಲಿಲ್ಲ. ಲಗ್ನಪತ್ರಿಕೆಯ ದಿನವೇ ದೊಡ್ಡಪ್ಪ ಎಲ್ಲರೆದುರು ಕೇಳಿದ್ದರು:

“ಏನಮ್ಮ, ದುಡ್ಡು ಕೊಟ್ಟು ಓಡಾಡೋರನ್ನ ಇಟ್ಕೊಬೇಕಾ? ನಮ್ಮನೇಲಿ ಗಂಡಸರೇ ಇಲ್ವಾ?”

ಮಾತು ಬಾಯಿಂದ ಬಿದ್ದ ಮೇಲೆ, ಗಂಡಸಿಲ್ಲದ ಮನೇಲಿ ಎಂಥ ಮಾತಾಡಿದೆನೆಂದು ಅವರಿಗೇ ಗೊತ್ತಾಯಿತು. ಹುಡುಗಿ, “ದೊಡ್ಡಪ್ಪ, ನೀವು ಹಸೆಮಣೆ ಮೇಲೆ ಇರ್ತೀರ. ಅಲ್ಲಿಂದ ಎದ್ದು ಬಂದು ಸಾಂಬಾರು ಸಾಲಲಿಲ್ಲ ಅಂತ ನೋಡ್ತೀರಾ?” ಎಂದು ನಗುತ್ತಾ ಅಂದಿದ್ದಳು.

ಅವಳ ನಿಜವಾದ ಕಾರಣ ಸಾಂಬಾರಲ್ಲ. ಅದನ್ನು ನಾನು ಆ ಸಂಜೆ ಉಗ್ರಾಣದಿಂದ ಆಚೆ ಬಂದಾಗ ಕೇಳಿದೆ. ಮೆಟ್ಟಿಲ ಕೆಳಗೆ ನಮ್ಮ ಹುಡುಗಿ ವಾಕಿಟಾಕಿ ಹುಡುಗಿಯ ಮೊಣಕೈ ಹಿಡಿದು ನಿಂತಿದ್ದಳು.

“ನೋಡಿದ್ಯಲ್ಲ, ಬೀಗದ ಕೈ ಕಟ್ಟಿದ್ದು? ನಾನು ಹೇಳಿದ್ದು ಇದನ್ನೇ. ಊಟ ಲೇಟಾಗ್ಲಿ, ಫೋಟೋ ಕೆಟ್ಟೋಗ್ಲಿ, ಬೀಗರು ಮುನಿಸ್ಕೊಳ್ಳಿ. ತಾಳಿ ಕಟ್ಟೋವಾಗ ನಮ್ಮಮ್ಮ ನನ್ನ ಕಣ್ಣಿಗೆ ಕಾಣ್ತಾ ಇರಬೇಕು. ಅದೊಂದು ಮಾಡ್ಕೊಡು.”

“ಮಾಡೋಣ ಅಕ್ಕ.”

“ಜಗಳ ಆಗಬಾರದು. ಜಗಳ ಆದ್ರೆ ನಮ್ಮಮ್ಮ ಸತ್ರೂ ಆಚೆ ಬರಲ್ಲ.”

“ನೀವು ಹೋಗಿ ತಲೆ ಬಾಚಿಸ್ಕೊಳ್ಳಿ ಅಕ್ಕ. ಒಂದೇ ಕಡೆ ಜಡೆ ಐತೆ,” ಎಂದಳು ಅವಳು.

ನಾನು ಕೇಳಿಸಿಕೊಂಡೆನೆಂದು ಇಬ್ಬರಿಗೂ ಗೊತ್ತಾಯಿತು.

ಬೆಳಗ್ಗೆ ಬೀಗರ ಕಡೆಯ ಉಳಿದವರ ಬಸ್ಸೂ ಬಂತು. ಮುಹೂರ್ತದ ಹೊತ್ತಿಗೆ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾನು ನಡುನಡುವೆ ಉಗ್ರಾಣಕ್ಕೆ ಹೋಗಿ ಇಣುಕುತ್ತಿದ್ದೆ. ಅಕ್ಕ ಹೊಸ ಸೀರೆ ಉಟ್ಟಿದ್ದಳು, ಮಗಳೇ ತಂದಿದ್ದು, ಮಾವಿನ ಚಿಗುರಿನ ಬಣ್ಣದ್ದು. ಅದರ ಮೇಲೆ ಹಳೇ ಟವೆಲ್ ಹೊದ್ದು ಕೂತಿದ್ದಳು, ಧೂಳಾಗುತ್ತದೆಂದು. ಅಡುಗೆಯವರು ತುಪ್ಪ ಕೇಳಿದರೆ ತುಪ್ಪ, ಪುರೋಹಿತರ ಕಡೆಯವರು ಕಾಯಿ ಕೇಳಿದರೆ ಕಾಯಿ. ಯಾರೂ ಕೇಳದಿದ್ದಾಗ ಜೋಡಿಸಿದ್ದ ತಾಂಬೂಲದ ಚೀಲಗಳನ್ನೇ ಕೆಡವಿ ಮತ್ತೆ ಜೋಡಿಸುತ್ತಿದ್ದಳು.

ವಾಕಿಟಾಕಿ ಹುಡುಗಿ ತನ್ನ ತಂಡದ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಳು.

“ಆಂಟಿ, ಬೀಗದ ಕೈ ಇವರ ಹತ್ರ ಕೊಡಿ. ಇವರು ನೋಡ್ಕೊಳ್ತಾರೆ. ನೀವು ಮುಖ ತೊಳ್ಕೊಂಡು ಬನ್ನಿ, ಧಾರೆ ಶುರುವಾಗುತ್ತೆ.”

ಅಕ್ಕ ಸೆರಗಿನ ಗಂಟು ಮುಷ್ಟಿಯಲ್ಲಿ ಹಿಡಿದುಕೊಂಡಳು.

“ಬೇಡ ಕಣಮ್ಮ. ಹೆಚ್ಚು ಕಡಿಮೆ ಆದ್ರೆ ನನ್ನ ತಲೆಗೆ ಬರುತ್ತೆ.”

“ನನ್ನ ತಲೆಗೆ ಬರ್ಲಿ ಆಂಟಿ.”

“ಬೇಡ ಅಂದ್ನಲ್ಲ,” ಎಂದಳು ಅಕ್ಕ. ದನಿ ಗಡುಸಾಯಿತು.

ಆ ಹುಡುಗಿ ಒತ್ತಾಯ ಮಾಡಲಿಲ್ಲ. “ಆಯ್ತು ಬಿಡಿ” ಎಂದು ಹೋದಳು. ನನಗೆ ಸಿಟ್ಟು ಬಂತು. ಇಷ್ಟೇನಾ ಇವಳ ಕೆಲಸ ಎಂದುಕೊಂಡೆ. ಅಕ್ಕನ ಮೇಲೆ ಹರಿಹಾಯ್ದೆ:

“ಏನಕ್ಕ ನೀನು! ಬೇರೆಯೋರು ತಡೆದಿದ್ರೆ ಅದೊಂದು ಮಾತು. ನಿನಗೆ ನೀನೇ ಅಗಳಿ ಹಾಕ್ಕೊಂಡು ಕೂತಿದೀಯಲ್ಲ?”

“ಲೇ, ನಿಂಗೇನು ಗೊತ್ತು. ನಿನ್ನ ಗಂಡ ಅಲ್ಲಿ ಕಾಫಿ ಕುಡೀತಾ ಕೂತವ್ನೆ,” ಎಂದಳು. ಆಮೇಲೆ ದನಿ ಇಳಿಸಿದಳು. “ನಾನು ಹೋಗಿ ನಿಂತ್ಕೋತೀನಿ ಅಂತ ಇಟ್ಕೋ. ನಾಳೆ ಹುಡುಗ ಹುಡುಗಿ ಇಬ್ಬರಲ್ಲಿ ಒಬ್ಬರಿಗೆ ಸಣ್ಣದೊಂದು ಜ್ವರ ಬರುತ್ತೆ. ಯಾರೂ ಏನೂ ಅನ್ನದೇ ಇದ್ರೂ ನಾನೇ ಅಂದ್ಕೋತೀನಲ್ಲ? ಆಮೇಲೆ ನಾನು ಹೆಂಗೆ ಬದುಕ್ಲಿ ಹೇಳು.”

ಟವೆಲಿನ ಅಂಚಿನಿಂದ ಅವಳು ಕಣ್ಣೊರೆಸಿಕೊಂಡಳೋ ಬೆವರು ಒರೆಸಿಕೊಂಡಳೋ, ಆ ಸೆಕೆಯಲ್ಲಿ ತಿಳಿಯಲಿಲ್ಲ.

ಅಷ್ಟರಲ್ಲಿ ಆ ಹುಡುಗಿ ಮತ್ತೆ ಬಂದಳು. ಈ ಸಲ ಅವಳ ಹಿಂದೆ ಶಾಮಿಯಾನದ ಇಬ್ಬರು ಗಂಡಾಳುಗಳು.

“ಆಂಟಿ, ಒಂದು ತೊಂದರೆ ಆಗೈತೆ. ತಾಂಬೂಲ ಬಾಗಿಲ ಹತ್ರ ಕೊಟ್ರೆ ಜನ ಮುಗಿಬೀಳ್ತಾರೆ. ಮಂಟಪದ ಬಲಗಡೆ ಮೇಜು ಹಾಕ್ಸಿದೀನಿ. ಈ ಚೀಲ ಎಲ್ಲಾ ಅಲ್ಲಿಗೆ ಹೋಗ್ಬೇಕು. ಜೊತೆಗೆ ನೀವೂ ಬರಬೇಕು. ನನ್ನೋರನ್ನ ಬಿಟ್ರೆ ಮುಲಾಜಿಗೆ ಬಿದ್ದು ಒಬ್ಬೊಬ್ಬರಿಗೆ ಮೂರು ಮೂರು ಕೊಟ್ಬಿಡ್ತಾರೆ.”

“ಉಗ್ರಾಣ?”

“ಬೀಗ ಹಾಕಿ. ಬೀಗದ ಕೈ ನಿಮ್ಮ ಸೆರಗಲ್ಲೇ ಇರ್ಲಿ. ಯಾರಿಗೆ ಏನು ಬೇಕಾದ್ರೂ ನಿಮ್ಮನ್ನೇ ಕೇಳ್ಕೊಂಡು ಬರ್ತಾರೆ.”

ಅಕ್ಕ ಒಂದು ಗಳಿಗೆ ಯೋಚಿಸಿದಳು. ಒಬ್ಬರಿಗೆ ಮೂರು ಚೀಲ ಎಂಬ ಮಾತು ಅವಳ ಮನಸ್ಸಿಗೆ ನಾಟಿತ್ತು. ಎದ್ದು ಟವೆಲ್ ಕೊಡವಿದಳು. ಬೀಗ ಹಾಕಿದಳು. ಎರಡು ಸಲ ಎಳೆದು ನೋಡಿದಳು.

ಹೀಗೆ ನಮ್ಮಕ್ಕ ಉಗ್ರಾಣದಿಂದ ಆಚೆ ಬಂದಳು. ನನಗೂ ಆ ಬುದ್ಧಿ ಹೊಳೆಯಬಹುದಿತ್ತು ಅಂದುಕೊಂಡರೂ, ಹೊಳೆದಿದ್ದರೆ ನಾನು ಮಾಡುತ್ತಿರಲಿಲ್ಲ. ನಾಳೆ ದೊಡ್ಡಮ್ಮನ ಮನೆಗೆ ನಾನು ಹೋಗಬೇಕು, ಅವರ ಮಗನಿಗೆ ನನ್ನ ನಾದಿನಿಯ ಮಗಳನ್ನು ಕೇಳುವ ಮಾತಿದೆ. ಮದುವೆ ಮನೆಯಲ್ಲಿ ಇರುವವರೆಲ್ಲರ ಕಾಲಿಗೂ ಇಂಥದೊಂದು ಹಗ್ಗ. ವಾಕಿಟಾಕಿ ಹುಡುಗಿಗೆ ಅಲ್ಲಿ ಅತ್ತೆಯಿಲ್ಲ, ಮಾವನಿಲ್ಲ, ಬರುವ ವರ್ಷ ಅವಳನ್ನು ಯಾವ ನಾಮಕರಣಕ್ಕೂ ಯಾರೂ ಕರೆಯಬೇಕಾಗಿಲ್ಲ.

ಮೇಜು ಹಾಕಿದ್ದ ಜಾಗ ನೋಡಿ ಮಂಟಪದ ಕಡೆ ತಿರುಗಿ ನೋಡಿದೆ. ಹಸೆಮಣೆಯಲ್ಲಿ ಕೂತವಳು ತಲೆ ಎತ್ತಿದರೆ ಮೊದಲು ಕಾಣುವುದೇ ಆ ಮೇಜು. ಮಂಟಪದ ಮೇಲೆ ದೊಡ್ಡಪ್ಪನ ಪಕ್ಕ ನಿಂತಿದ್ದ ದೊಡ್ಡಮ್ಮನಿಗೂ ಕಂಡಿತು. ಅವರು ಮೆಟ್ಟಿಲ ತನಕ ಬಂದು, ನಗುಮುಖ ಕೆಡಿಸಿಕೊಳ್ಳದೆ ಹಲ್ಲು ಕಚ್ಚಿ ಅಂದರು:

“ಏಮ್ಮಾ, ಏನಿದು? ಅವಳನ್ನ ಯಾಕೆ ಇಲ್ಲಿ ತಂದು ನಿಲ್ಲಿಸಿದೀಯ?”

“ತಾಂಬೂಲ ಆಂಟಿ. ಜನ ಈ ಕಡೆಯಿಂದ ಇಳಿದು ಊಟಕ್ಕೆ ಹೋಗ್ತಾರೆ. ನೀವು ಮೇಲೆ ಹೋಗಿ, ವಿಡಿಯೋದಲ್ಲಿ ನಿಮ್ಮ ಜಾಗ ಖಾಲಿ ಕಾಣ್ತೈತೆ.”

ದೊಡ್ಡಮ್ಮ ವಿಡಿಯೋದವನ ಕಡೆ ನೋಡಿ, ಸೆರಗು ಸರಿಮಾಡಿಕೊಂಡು ಮೇಲೆ ಹೋದರು.

ಧಾರೆ ಆಯಿತು. ದೊಡ್ಡಪ್ಪ ದೊಡ್ಡಮ್ಮ ನೀರು ಬಿಟ್ಟರು. ದೊಡ್ಡಪ್ಪ ಮಂತ್ರದ ನಡುವೆ ಎರಡು ಸಲ ತಡವರಿಸಿದರು, ತಮ್ಮನ ನೆನಪಾಗಿರಬೇಕು. ನಾನು ಅಕ್ಕನ ಹಿಂದೆಯೇ ಕಾವಲಿನಂತೆ ನಿಂತಿದ್ದೆ. ಪುರೋಹಿತರು ತಾಳಿಯ ತಟ್ಟೆ ಎಲ್ಲರಿಂದ ಮುಟ್ಟಿಸಲು ಕಳಿಸಿದರು. ತಟ್ಟೆ ಹಿಡಿದ ಮುತ್ತೈದೆ ಸಾಲು ಹಿಡಿದು ಬಂದು ನನ್ನೆದುರು ನಿಂತಳು. ನಾನು ಮುಟ್ಟಿ ನಮಸ್ಕಾರ ಮಾಡಿದೆ. ಅಕ್ಕನ ಹತ್ತಿರ ಬಂದಾಗ ಆ ಮುತ್ತೈದೆಯ ಕಾಲು ತಾನಾಗಿಯೇ ಆಚೆ ತಿರುಗಿತು. ತಟ್ಟೆ ಮುಂದೆ ಹೋಯಿತು. ನಾನು ಅಕ್ಕನ ಮುಖ ನೋಡಲಿಲ್ಲ.

“ಗಟ್ಟಿಮೇಳ! ಗಟ್ಟಿಮೇಳ!”

ಡೋಲು, ನಾದಸ್ವರ ಒಟ್ಟಿಗೆ ಮೊಳಗಿದವು. ಕೂತವರೆಲ್ಲ ಎದ್ದರು. ಕ್ಯಾಮೆರಾದವರು ಮುನ್ನುಗ್ಗಿದರು. ವಾಕಿಟಾಕಿ ಹುಡುಗಿ ಅವರಲ್ಲಿ ಇಬ್ಬರ ಅಂಗಿ ಹಿಂದಿನಿಂದ ಹಿಡಿದು ನೆಲದ ಮೇಲೆ ಕೂರಿಸಿದ್ದನ್ನು ನೋಡಿದೆ. ದಾರಿ ತೆರವಾಯಿತು. ಗಂಡು ತಾಳಿ ಹಿಡಿದು ಎದ್ದು ನಿಂತಿದ್ದ. ನಮ್ಮ ಹುಡುಗಿ ತಲೆ ಎತ್ತಿ ಮೇಜಿನ ಕಡೆ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ನಾನೂ ಮೇಜಿನ ಕಡೆ ನೋಡಿದೆ. ನನ್ನ ಮುಂದೆ ನಿಂತಿದ್ದ ಅಕ್ಕ ಅಲ್ಲಿರಲಿಲ್ಲ.

ಮೇಜಿನ ಹಿಂದೆ, ನೆಲದ ಮೇಲೆ, ಚೀಲಗಳ ನಡುವೆ ಮುದುರಿ ಕೂತಿದ್ದಳು. ಕಣ್ಣು ಮುಚ್ಚಿ, ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

“ಏಳಕ್ಕ,” ಎಂದೆ. ಆ ವಾದ್ಯದಲ್ಲಿ ನನಗೇ ನನ್ನ ದನಿ ಕೇಳಿಸಲಿಲ್ಲ. ತೋಳು ಹಿಡಿದು ಎಳೆದೆ. ಮೈ ಕಲ್ಲಾಗಿತ್ತು.

ಮೇಲೆ ಹುಡುಗಿ ಗಂಡಿನ ಕೈ ತಡೆದಿದ್ದಳು. ಅಂಗೈಯನ್ನು ತನ್ನ ಕೊರಳಿಗೆ ಅಡ್ಡ ಇಟ್ಟುಕೊಂಡು ಕೂತುಬಿಟ್ಟಿದ್ದಳು. ಪುರೋಹಿತರು, “ಮುಹೂರ್ತ ಮೀರ್ತಾ ಇದೆ ಮಗು” ಎಂದರು. ಮದುಮಗ ಗಾಬರಿಯಿಂದ ತನ್ನ ತಾಯಿಯ ಕಡೆ ನೋಡಿದ. ಕೆಲವರು ಆಗಲೇ ಅಕ್ಷತೆ ಎಸೆದುಬಿಟ್ಟಿದ್ದರು, ಉಳಿದವರು ಎತ್ತಿದ ಕೈ ಹಾಗೇ ಹಿಡಿದುಕೊಂಡಿದ್ದರು. ನಾದಸ್ವರದವನ ಕೆನ್ನೆ ಉಬ್ಬಿ ಕೆಂಪಾಗಿತ್ತು.

ಆಗ ವಾಕಿಟಾಕಿ ಹುಡುಗಿ ಮೇಜಿನ ಕೆಳಗೆ ನುಗ್ಗಿದಳು. ಬೂಟು, ವಾಕಿಟಾಕಿ ಸಮೇತ ಅಕ್ಕನ ಪಕ್ಕ ನೆಲದ ಮೇಲೆ ಕೂತಳು. ಅವಳ ತುಟಿ ಅಲ್ಲಾಡಿದ್ದಷ್ಟೇ ನನಗೆ ಕಂಡಿದ್ದು. ಅಕ್ಕ ಕಣ್ಣು ತೆರೆದಳು. ಆ ಹುಡುಗಿಯ ಭುಜದ ಮೇಲೆ ಕೈಯೂರಿ ನಿಧಾನ ಎದ್ದಳು.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಮಗಳ ಕೈ ಕೊರಳಿನಿಂದ ಇಳಿಯಿತು. ಕೊರಳಿಗೆ ತಾಳಿ ಬಿತ್ತು.

ಅಕ್ಕನ ಕೈಯಲ್ಲಿ ಅಕ್ಷತೆ ಇರಲಿಲ್ಲ. ನನ್ನ ಮುಷ್ಟಿಯಲ್ಲಿದ್ದ ಕಾಳನ್ನು ಅವಳ ಅಂಗೈಗೆ ಸುರಿದೆ. ಅವಳು ಎಸೆಯಲಿಲ್ಲ. ಊಟದ ಹೊತ್ತಿಗೆ ಕೈ ತೊಳೆಯಲು ಹೋದಾಗಲೂ ಆ ಅರಿಶಿನದ ಅಕ್ಕಿ ಬೆವರಿಗೆ ಅಂಟಿಕೊಂಡು ಅಂಗೈಯಲ್ಲೇ ಇತ್ತು.

“ಆ ಹುಡುಗಿ ಏನಂದಿದ್ದು ಅಕ್ಕ ನಿಂಗೆ?” ಎಂದು ನಲ್ಲಿಯ ಹತ್ತಿರ ಕೇಳಿದೆ.

“ಏನೂ ಬುದ್ಧಿ ಹೇಳ್ಲಿಲ್ಲ ಕಣೇ. ‘ನೀವು ಏಳೋವರೆಗೂ ನಂಗೂ ಏಳಕ್ಕಾಗಲ್ಲ ಆಂಟಿ, ಅಲ್ಲಿ ಅನ್ನ ಸೀಯ್ತಾ ಐತೆ’ ಅಂದ್ಲು.”

ಆ ಮಧ್ಯಾಹ್ನ ಊಟದ ಸಾಲಿನಲ್ಲಿ ದೊಡ್ಡಪ್ಪ ಒಬ್ಬಟ್ಟು ಮುಟ್ಟಲಿಲ್ಲ. ದೊಡ್ಡಮ್ಮ ಕೈತೊಳೆದು ಬಂದವರು ನನ್ನನ್ನು ಪಕ್ಕಕ್ಕೆ ಕರೆದು, “ನನಗೇನು ಅವಳ ಮೇಲೆ ಹಗೆಯಾ? ನನ್ನ ಹೊಟ್ಟೇಲಿ ಹುಟ್ಟಿದ್ದರೂ ಹಿಂಗೇ ಮಾಡ್ತಿದ್ದೆ. ದೊಡ್ಡೋರು ಹೇಳಿದ್ದು ಸುಮ್ಮಸುಮ್ಮನೆ ಹೇಳ್ತಾರಾ? ಮಗು ಚೆನ್ನಾಗಿರ್ಲಿ ಅಂತ ತಾನೇ?” ಎಂದು ಅತ್ತರು. ಅಳು ನಿಜವಾದದ್ದೇ. ಸಂಜೆ ಹೆಣ್ಣು ಒಪ್ಪಿಸುವ ತನಕವೂ ಇರದೆ ಶ್ರೀನಿವಾಸಪುರಕ್ಕೆ ಹೊರಟುಬಿಟ್ಟರು. ಖಾಲಿಯಾದ ಮಾವಿನ ಕ್ರೇಟುಗಳು ಉಗ್ರಾಣದ ಮೂಲೆಯಲ್ಲೇ ಉಳಿದವು.

ಮದುವೆಯಾಗಿ ಇನ್ನೂ ಹೊಸ ಸೀರೆಗಳ ಮಡಿಕೆ ಬಿಚ್ಚಿರಲಿಲ್ಲ, ಅಳಿಯ ಮಾಲೂರಿನ ಹತ್ತಿರ ಗಾಡಿಯಿಂದ ಬಿದ್ದ. ನಾಯಿ ಅಡ್ಡ ಬಂತಂತೆ. ಕಾಲಿನ ಮೂಳೆ ಮುರಿದು ಆಪರೇಷನ್ ಆಯಿತು. ಜೀವಕ್ಕೇನೂ ಭಯವಿಲ್ಲ ಎಂದು ಹುಡುಗಿ ಫೋನಿನಲ್ಲಿ ಅತ್ತುಕೊಂಡೇ ಹೇಳಿದಳು. ದೊಡ್ಡಮ್ಮನೂ ಫೋನ್ ಮಾಡಿದರು. “ನಾನು ಅವತ್ತೇ ಹೇಳಿದ್ದೆ ಅಂತ ಅಂತಾ ಇಲ್ಲಮ್ಮ” ಎಂದು ಶುರುಮಾಡಿ, ಅದನ್ನೇ ಹೇಳಿದರು.

ಅಕ್ಕ ಅಳಿಯನನ್ನು ನೋಡಲು ಆಸ್ಪತ್ರೆಗೆ ಹೋಗಲಿಲ್ಲ. ಮನೆಗೆ ಕರೆತಂದ ಮೇಲೂ ಹೋಗಲಿಲ್ಲ. ಹಾಲು ಕರೆಯುವುದು, ಡೈರಿಗೆ ಹಾಕುವುದು, ಬಂದು ಗೋಡೆಗೆ ಒರಗಿ ಕೂರುವುದು. ಮಗಳು ಫೋನ್ ಮಾಡಿದರೆ, “ಹಸು ಈಯೋಕೆ ಬಂದೈತೆ ಕಣಮ್ಮ, ಬಿಟ್ಟು ಬರೋಕಾಗಲ್ಲ” ಎನ್ನುತ್ತಿದ್ದಳು. ಹಸು ಆಗಲೇ ಈದು ಕರು ನೆಗೆದಾಡುತ್ತಿತ್ತು. ಮಗಳು ನನಗೆ ಫೋನ್ ಮಾಡಿ, “ಚಿಕ್ಕಮ್ಮ, ನಾನು ಹಠ ಮಾಡಿದ್ದು ತಪ್ಪಾಯ್ತಾ?” ಎಂದು ಕೇಳಿದಳು. “ಇಲ್ಲ ಕಣೇ” ಎಂದೆ.

ಒಂದು ಭಾನುವಾರ ನಾನೇ ಹೋಗಿ, ಬೈದು, ಅಕ್ಕನನ್ನು ಬಸ್ಸು ಹತ್ತಿಸಿದೆ. ಬೀಗರ ಮನೆಯ ಅಂಗಳದಲ್ಲಿ ಕಾಲು ತೊಳೆದವಳು ಹೊಸ್ತಿಲ ಮುಂದೆ ನಿಂತುಬಿಟ್ಟಳು. ಒಳಗಿನಿಂದ ಅಳಿಯ ಯಾರ ಮೇಲೋ ರೇಗುವುದು ಕೇಳುತ್ತಿತ್ತು.

ಬೀಗಿತ್ತಿ ರಾಗಿ ಗಂಜಿಯ ಲೋಟ ಹಿಡಿದು ಆಚೆ ಬಂದರು. ನಮ್ಮನ್ನು ನೋಡಿ ಅವರಿಗೇನೂ ಆಶ್ಚರ್ಯವಾದಂತೆ ಕಾಣಲಿಲ್ಲ.

“ಬಂದ್ರಾ? ಒಳ್ಳೇದಾಯ್ತು. ಬೆಳಗ್ಗೆಯಿಂದ ಬಾಯಿಗೆ ಏನೂ ಹಾಕ್ಕೊಂಡಿಲ್ಲ ನಿಮ್ಮ ಅಳಿಯ. ನನ್ನ ಮಾತೂ ಕೇಳಲ್ಲ, ಹೆಂಡ್ತಿ ಮಾತೂ ಕೇಳಲ್ಲ. ತಗೊಳ್ಳಿ, ನೀವು ಕುಡಿಸಿ. ನಾನು ಹಿಪ್ಪುನೇರಳೆ ಸೊಪ್ಪು ತರಬೇಕು, ರೇಷ್ಮೆ ಹುಳ ಹಸ್ಕೊಂಡವೆ.”

ಲೋಟವನ್ನು ಅಕ್ಕನ ಕೈಯಲ್ಲಿಟ್ಟು, ಕುಡುಗೋಲು ತಗೊಂಡು ಅವರು ತೋಟದ ಕಡೆ ಹೊರಟರು. ಅಕ್ಕ ಲೋಟ ಹಿಡಿದು ಒಳಗೆ ಹೋದಳು.